ನಲವತ್ತೈದಕ್ಕೆ ನಿಲ್ಲದ ಮುಳ್ಳು

ಜುಲೈ 19, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಪತ್ರಗಳಿಗೂ ಸೇರಿಸಿ ಒಂದೇ ಉತ್ತರ, ಅದೂ ತಡವಾಗಿ. ಬೈಯಬೇಡ. ನೀನಿರುವ ಕಾಡಿನ ಶಿಬಿರಕ್ಕೆ ಫೋನು ತಲುಪದಿರುವುದು ನನಗೊಂದು ಭಾಗ್ಯವೇ ಆಗಿದೆ. ಫೋನಿನಲ್ಲಾದರೆ ನಿನ್ನ ಅಕ್ಕ ಮೂರು ಮಾತಿಗೆ ಮುಗಿಸುವವಳು. ಇಲ್ಲಿ ಹದಿನೈದು ದಿನದಿಂದ ಮೋಡ ಸರಿದಿಲ್ಲ. ಉಪ್ಪಿನ ಡಬ್ಬಿಯೂ ಬೆವರುತ್ತಿದೆ.

ಮೊದಲು ನೀನು ಇಲ್ಲಿ ಬಿಟ್ಟುಹೋದ ಕ್ಯಾಮೆರಾ ಲೆನ್ಸುಗಳ ಕ್ಷೇಮ. ಹೋದ ವರ್ಷ ನಾನು ಅವನ್ನು ಚರ್ಮದ ಚೀಲದಲ್ಲೇ ಜೋಪಾನ ಮಾಡಹೋಗಿ, ಒಂದರೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿಸಿದ್ದನ್ನು ಮರೆತಿಲ್ಲ. ಈ ಸಲ ಎಲ್ಲ ನೀನು ಹೇಳಿದ ಹಾಗೇ: ಗಾಳಿಯಾಡದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಮಣಿಗಳು, ತೇವ ಅಳೆಯುವ ಪುಟ್ಟ ಮೀಟರು. ಮುಳ್ಳು ನಲವತ್ತೈದರ ಆಸುಪಾಸಿನಲ್ಲಿರಬೇಕು, ಅರವತ್ತು ದಾಟಿದರೆ ಬೂಷ್ಟನ್ನು ಕರೆದು ಕೂರಿಸಿದಂತೆ ಎಂದಿದ್ದೆ.

ದಾಟಿತು. ನೀಲಿ ಮಣಿಗಳು ತೇವ ಕುಡಿದು ನಾಲ್ಕೇ ದಿನಕ್ಕೆ ಗುಲಾಬಿಯಾದವು. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡಿದೆ. ಮತ್ತೆ ಗುಲಾಬಿ. ಮುಚ್ಚಳದ ರಬ್ಬರು ಬದಲಿಸಿದೆ, ಮೇಲೆ ನಿಘಂಟಿನ ಎರಡು ಸಂಪುಟ ಹೇರಿದೆ. ನಿನ್ನ ಭಾವ ಪಕ್ಕದಲ್ಲೇ ನಿಂತು, ನಾನು ಮುಟ್ಟಿದ್ದೆಲ್ಲ ಬೂಷ್ಟು ಎಂದು ಹಂಗಿಸಿದರು. ಇಪ್ಪತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರಿಗೆ ಬೇರೆಯವರ ತಪ್ಪು ಬೇಗ ಕಾಣುತ್ತದೆ.

ಕೊನೆಗೆ ಸಿಕ್ಕಿದ್ದು ಐವತ್ತು ಮಿಲಿಮೀಟರಿನ ಲೆನ್ಸಿನ ಮುಚ್ಚಳದ ಮೇಲೆ ಕೆಂಪು ಶಾಯಿಯ ಬೆರಳಚ್ಚು. ಈ ಮನೆಯಲ್ಲಿ ಕೆಂಪು ಶಾಯಿ ಯಾರ ಬೆರಳಿನದು, ನಿನಗೆ ಹೇಳಬೇಕೆ? ಮೊನ್ನೆ ಸೊಪ್ಪು ತರಲು ಹೊರಟವಳು ಕೊಡೆಗೆಂದು ಹಿಂತಿರುಗಿದೆ. ಕಿಟಕಿಯ ಬಳಿ, ಆ ಲೆನ್ಸನ್ನೇ ಭೂತಗನ್ನಡಿ ಮಾಡಿಕೊಂಡು ಯಾವುದೋ ಹಾಳೆಯ ಮೇಲೆ ಬಾಗಿದ್ದರು. ನನ್ನನ್ನು ಕಂಡು ಹಾಲಿಗೆ ಬಾಯಿಟ್ಟ ಬೆಕ್ಕಿನಂತಾದರು.

"ಅಂಗಡೀಲಿ ಭೂತಗನ್ನಡಿ ಸಿಗಲ್ವೇನ್ರೀ?" ಎಂದೆ.

"ಸಿಗತ್ತೆ. ತಂದ್ರೆ ನಿಂಗೆ ಗೊತ್ತಾಗ್ತಿತ್ತಲ್ಲ."

ನಿನ್ನ ಪರವಾಗಿ ಆ ಒಂದನ್ನು ಅವರಿಗೇ ಕೊಟ್ಟುಬಿಟ್ಟೆ. ಉಳಿದವನ್ನು ಬೆಳಕಿಗೆ ಹಿಡಿದು ನೋಡಿದೆ, ಗಾಜು ಶುಭ್ರವಾಗಿದೆ. ಡಬ್ಬವನ್ನು ಈಗ ತೆರೆಯುವವರಿಲ್ಲದೆ ಮುಳ್ಳು ನಲವತ್ತೈದಕ್ಕೆ ಬಂದು ತೆಪ್ಪಗೆ ಕೂತಿದೆ. ಸಂಜೆ ನಾನು ಕವಿತೆ ಓದುತ್ತೇನೆ. ಹಿಂದೆಲ್ಲ ಪುಸ್ತಕ ಕಿತ್ತುಕೊಂಡು ಅಚ್ಚಿನ ತಪ್ಪು ಹುಡುಕುತ್ತಿದ್ದವರು ಈಗ ಕಣ್ಣು ಮುಚ್ಚಿ ಕೇಳುತ್ತಾರೆ, ಇನ್ನೊಂದು ಓದು ಎನ್ನುತ್ತಾರೆ. ನಿಜ ಹೇಳಲೇ, ಇಷ್ಟು ವರ್ಷದಲ್ಲಿ ನಾವು ಒಟ್ಟಿಗೆ ಇಷ್ಟು ಕೂತಿರಲಿಲ್ಲ. ಸುಖವಾಗಿಯೇ ಇದ್ದೇವೆ.

ಕಾಲಿಡುವ ಕಡೆ ನೋಡಿಕೊಂಡು ನಡೆ. ಒಳ್ಳೆಯ ಬೆಳಕು ಸಿಗಲಿ, ಹಕ್ಕಿಗಳು ನಿನಗಾಗಿ ಒಂದು ಗಳಿಗೆ ಕೂತಿರಲಿ.

ನಿನ್ನ
ಅಕ್ಕ

ತಾ.ಕ.: ನಿನಗೆ ತಿಳಿಸಕೂಡದೆಂದು ನಿನ್ನ ಭಾವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ, ಆದರೂ ಬರೆಯುತ್ತಿದ್ದೇನೆ. ಅವರ ಎಡಗಣ್ಣು ಹೋಗಿದೆ. ಬಲಗಣ್ಣಿನಲ್ಲಿ ಇರುವಷ್ಟನ್ನು ಉಳಿಸಿಕೊಳ್ಳಬಹುದು ಎಂದು ವೈದ್ಯೆ ಹೇಳಿದರು. ಕರಡುಗಳನ್ನೆಲ್ಲ ಇವರು ಎರಡು ತಿಂಗಳ ಹಿಂದೆಯೇ ಮುದ್ರಣಾಲಯಕ್ಕೆ ಹಿಂತಿರುಗಿಸಿದ್ದಾರೆ. ಅಂದು ಕಿಟಕಿಯ ಬಳಿ ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದದ್ದು ನಿನ್ನ ಪತ್ರವನ್ನು. ನೀನು ಏನೂ ಗೊತ್ತಿಲ್ಲದವಳ ಹಾಗೇ ಇರು. ಇನ್ನು ಮುಂದೆ ಅಕ್ಷರ ದೊಡ್ಡದಾಗಿ ಬರೆ. ಅಲ್ಲೊಂದು ಇಲ್ಲೊಂದು ತಪ್ಪೂ ಇರಲಿ.