ಒಂಬತ್ತನೇ ರೀಲು

ಮಾರ್ಚ್ 3, ಮಂಗಳವಾರ. ಬೆಳಗ್ಗೆ 7

ಎದ್ದೆ. ಮುಖ ತೊಳೆದೆ. ಮೀಸೆ ನೋಡಿಕೊಂಡೆ — ಅರವತ್ತೆಂಟಕ್ಕೂ ಕಪ್ಪಗಿದೆ. ಬಣ್ಣದ ಡಬ್ಬಿ ಮುಗಿಯುತ್ತ ಬಂದಿದೆ, ತರಬೇಕು. ಇಂಥದ್ದನ್ನೆಲ್ಲ ಬರೆಯುವುದಕ್ಕೇ ಈ ಪುಸ್ತಕ. ಜೇಬಿನಲ್ಲೇ ಇರುತ್ತದೆ, ಯಾರ ಕೈಗೂ ಸಿಗುವುದಿಲ್ಲ.

ಅತ್ತಿಗೆ ಆಗಲೇ ಹೊಲಿಗೆ ಮೆಷಿನ್ ಮುಂದೆ ಕೂತಾಗಿದೆ. “ಭಾನುವಾರ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತೀರಂತೆ? ಉಳಿದಿರೋದೇ ಆರು ಹಲ್ಲು, ಅದಕ್ಕೂ ಡಾಕ್ಟ್ರಾ?”

ಹಲ್ಲಿಗಲ್ಲ ಅತ್ತಿಗೆ, ಸಿನಿಮಾಕ್ಕೆ ಅಂದೆ. ‘ಕಪ್ಪು ಕಕ್ಷೆ’ ಹೊಸದಾಗಿ ತೆಗೆದಿದ್ದಾರೆ. ಇಪ್ಪತ್ತೆಂಟು ವರ್ಷದ ಹಿಂದಿನ ಅದೇ ಕಥೆ, ಅದೇ ಬಾಹ್ಯಾಕಾಶ ನೌಕೆ, ಬೇರೆ ಮುಖಗಳು. ಭಾನುವಾರ ಕ್ಲಿನಿಕ್ ರಜೆ, ಡಾಕ್ಟರು ಪೇಷಂಟ್ ಕೂರುವ ಜಾಗವನ್ನು ನಮ್ಮ ಸಿನಿಮಾ ಗುಂಪಿಗೆ ಬಿಟ್ಟುಕೊಡುತ್ತಾರೆ. ಹಳೆಯದು ಮೇಲೋ ಹೊಸದು ಮೇಲೋ ಅಂತ ಜಗಳ. ಅತ್ತಿಗೆಯ ಮಗಳು ಪುಟ್ಟಿ ನನ್ನನ್ನು ಸಾಕ್ಷಿಗೆ ಕರೆದಿದ್ದಾಳೆ. ಕರೆಯದೆ? ಹಳೆಯದನ್ನು ಇಲ್ಲಿನ ಟಾಕೀಸಿನಲ್ಲಿ ನಲವತ್ಮೂರು ದಿನ, ದಿನಕ್ಕೆ ಮೂರು ಆಟ ಓಡಿಸಿದ ಆಪರೇಟರ್ ಈ ಊರಲ್ಲಿ ಇನ್ಯಾರಿದ್ದಾರೆ? ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು. ಆದರೆ ಪ್ರೊಜೆಕ್ಟರ್ ಮೆಷಿನ್ ಕೆಟ್ಟರೆ ಇಂಜಿನಿಯರೇ ನನ್ನನ್ನು ಕೇಳುತ್ತಿದ್ದ.

ಅತ್ತಿಗೆ ದಾರ ಕಡಿದು, “ನಿಮ್ಮ ಬಾಯಿಗೆ ಬಾಗಿಲು ಇಡೋದು ಮರೆತಿದ್ದಾನೆ ದೇವರು” ಅಂದರು.

ಮಾರ್ಚ್ 8, ಭಾನುವಾರ. ಮಧ್ಯಾಹ್ನ 3

ಹನ್ನೆರಡು ಜನ ಬಂದಿದ್ದರು. ಗೋಡೆ ತುಂಬ ದವಡೆಯ ಚಿತ್ರ. ಅದರ ಕೆಳಗೆ ಕೂತು ಹಲ್ಲು ಕಡಿಯುವ ಚರ್ಚೆ.

ಲೆಕ್ಕದ ಮೇಷ್ಟ್ರು ಹಳೆಯದರ ಪರ. “ಹಳೇದರಲ್ಲಿ ನೌಕೆ ಗ್ರಹ ಮುಟ್ಟೋಕೆ ಹನ್ನೊಂದು ತಿಂಗಳು ಹಿಡಿಯುತ್ತೆ. ನಾನು ಲೆಕ್ಕ ಹಾಕಿದೀನಿ, ಸರಿ ಇದೆ. ಹೊಸದರಲ್ಲಿ ಹಾಡು ಮುಗಿಯೋದರೊಳಗೆ ಮುಟ್ಟಿಬಿಡ್ತಾರೆ. ಸಿಟಿ ಬಸ್ಸಾ ಅದು?”

ಡಾಕ್ಟರು ಬೇರೆ ಊರಿನಿಂದ ಬಂದು ಇಲ್ಲಿ ನೆಲೆಸಿದವರು. ಹೊಸದರ ಪರ. “ಹೊಸ ನೌಕೆ ನೌಕೆ ಥರ ಇದೆ ಮೇಷ್ಟ್ರೇ. ಹಳೇದು ನೀರಿನ ಟ್ಯಾಂಕ್‌ಗೆ ಬಣ್ಣ ಬಳಿದ ಹಾಗಿತ್ತು. ಮತ್ತೆ, ಹೊಸದರಲ್ಲಿ ಧೈರ್ಯ ಇದೆ. ಕ್ಯಾಪ್ಟನ್ ಉಳಿದವರನ್ನ ಕಳಿಸಿ ತಾನು ಒಳಗೇ ಸಾಯ್ತಾನೆ. ಸತ್ತವನು ಸತ್ತ. ಹಳೇದರಲ್ಲೂ ಹಾಗೇ ಇತ್ತು.”

“ಇಲ್ಲ” ಅಂದಳು ಪುಟ್ಟಿ.

ಅಣ್ಣನ ಮಗಳು. ಮೂವತ್ತಾರು. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ದನಿ ಏರಿಸುವವಳಲ್ಲ.

“ಹಳೇದರಲ್ಲಿ ನೌಕೆ ಸಿಡಿದ ಮೇಲೆ ಕ್ಯಾಪ್ಟನ್ ವಾಪಸ್ ಬರ್ತಾನೆ. ಹೊಳೆ ದಡದಲ್ಲಿ ಬಗ್ಗಿ ಮುಖ ತೊಳ್ಕೊಂಡು ನಗ್ತಾನೆ. ಅಲ್ಲಿಗೆ ಮುಗಿಯುತ್ತೆ. ಹೊಸಬರು ಅದನ್ನ ಕಿತ್ತು ಹಾಕಿ ಇಡೀ ಕಥೇನೇ ಕೆಡಿಸಿದ್ದಾರೆ. ಹೋಗೋ ಕಥೆ ಬೇರೆ, ವಾಪಸ್ ಬರೋ ಕಥೆ ಬೇರೆ.”

“ದಡದ ಸೀನು ನೌಕೆ ಸಿಡಿಯೋಕೆ ಮೊದಲೇ ಬರೋದಮ್ಮ. ನಾನು ನೋಡಿದೀನಿ” ಅಂದರು ಡಾಕ್ಟರು.

“ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಚಿಕ್ಕಪ್ಪನ್ನ ಕೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಊರಿನವರು ಆರೇಳು ಜನ ಇದ್ದರು, ಎಲ್ಲರೂ ತಲೆ ಆಡಿಸುತ್ತಿದ್ದರು — ಹೌದು, ವಾಪಸ್ ಬಂದಿದ್ದ, ನಾವೂ ಚಪ್ಪಾಳೆ ಹೊಡೆದಿದ್ವಿ. ನಾನು ಮೀಸೆ ಮುಟ್ಟಿಕೊಂಡೆ. “ಡಾಕ್ಟ್ರೇ, ನಿಮ್ಮೂರಿಗೆ ಬಂದದ್ದು ಮಾಮೂಲಿ ಪ್ರಿಂಟು. ಈ ಊರಿಗೆ ಸ್ಪೆಷಲ್ ಪ್ರಿಂಟ್ ಕಳಿಸಿದ್ರು” ಅಂದುಬಿಟ್ಟೆ.

ಪುಟ್ಟಿ ಸುಮ್ಮನೆ ನಕ್ಕಳು. ಸಾಕು ಅನ್ನುವ ಹಾಗೆ.

ಮಾರ್ಚ್ 9, ಸೋಮವಾರ. ಬೆಳಗ್ಗೆ

ಸ್ಪೆಷಲ್ ಪ್ರಿಂಟು ನನ್ನ ತಲೆ. ಇಲ್ಲಾದರೂ ನಿಜ ಬರೆಯೋಣ.

ಸಿನಿಮಾ ಬಂದದ್ದು ಹತ್ತು ರೀಲು, ಹತ್ತು ಡಬ್ಬಿ. ಬೂತ್‌ನಲ್ಲಿ ಎರಡು ಮೆಷಿನ್, ಒಂದು ಓಡುವಾಗ ಇನ್ನೊಂದಕ್ಕೆ ಮುಂದಿನ ರೀಲು ಏರಿಸಬೇಕು. ರೀಲಿನ ತುದಿಯಲ್ಲಿ ನಂಬರ್ ಇರುತ್ತದೆ, ಮೆಷಿನ್‌ಗೆ ಏರಿಸುವ ಮುಂಚೆ ಬೆಳಕಿಗೆ ಹಿಡಿದು ನೋಡಬೇಕು. ಮೊದಲ ಆಟದ ದಿನ ಟಿಕೆಟ್ ಹರಿಯುವವನ ಎದುರು, ಕಣ್ಣು ಮುಚ್ಚಿಕೊಂಡು ಏರಿಸ್ತೀನಿ ನೋಡ್ತಿರು ಅಂತ ಜಂಬ ಕೊಚ್ಚಿದೆ. ಕಣ್ಣು ಮುಚ್ಚಿಯೇ ಏರಿಸಿದೆ. ಎಂಟು ಆದಮೇಲೆ ಹತ್ತು ಓಡಿತು. ನೌಕೆ ಸಿಡಿಯಿತು, ‘ಸಮಾಪ್ತಿ’ ಬಿತ್ತು. ಜನ ಎದ್ದರು. ನೋಡಿದರೆ ಒಂಬತ್ತು ಇನ್ನೊಂದು ಮೆಷಿನ್ ಮೇಲೆ ಹಾಗೇ ಇದೆ. ಅದರ ಸ್ವಿಚ್ ಒತ್ತಿಬಿಟ್ಟೆ. ಸತ್ತ ಕ್ಯಾಪ್ಟನ್ ದಡಕ್ಕೆ ನಡೆದು ಬಂದ. ಎದ್ದವರು ಕೂತರು. ಆಮೇಲೆ ಚಪ್ಪಾಳೆ — ಸೂರು ಹಾರುವ ಹಾಗೆ.

ಮಾಲೀಕ ಮೇಲೆ ಬಂದು, ಹೀಗೇ ಇರಲಿ ಬಿಡು ಅಂದ.

ಹೀಗೆ ಇರಬಾರದು ಅಂತಲೇ ನನಗನ್ನಿಸಿತ್ತು. ಎರಡನೇ ಆಟಕ್ಕೆ ಡಬ್ಬಿ ಸರಿಯಾಗಿ ಜೋಡಿಸಿದೆ. ಆದರೆ ಅಣ್ಣ ತೀರಿಕೊಂಡು ಎರಡೇ ತಿಂಗಳು. ಅತ್ತಿಗೆ ಹೊಲಿಗೆ ಕೆಲಸಕ್ಕೆ ಸೇರಿದ್ದರು, ಪುಟ್ಟಿಯನ್ನು ನನ್ನ ಬೂತ್‌ನಲ್ಲಿ ಬಿಟ್ಟು ಹೋಗುತ್ತಿದ್ದರು. ಅವಳಿಗಾಗ ಎಂಟು ವರ್ಷ. ಅಪ್ಪ ಹೋದ ಮೇಲೆ ಅತ್ತಿರಲಿಲ್ಲ, ನಕ್ಕಿರಲಿಲ್ಲ. ಮೊದಲ ಆಟದಲ್ಲಿ ಕ್ಯಾಪ್ಟನ್ ಬಂದಾಗ, ಸ್ಟೂಲ್ ಮೇಲೆ ನಿಂತು ಕಿಂಡಿಯಲ್ಲಿ ನೋಡುತ್ತಿದ್ದವಳು ‘ಬಂದ್ರು’ ಅಂತ ನಕ್ಕಿದ್ದಳು.

ಎರಡನೇ ಆಟ ಶುರುವಾಗುವಾಗ ಕೇಳಿದಳು: “ಚಿಕ್ಕಪ್ಪ, ಈ ಸಲಾನೂ ಬರ್ತಾರಾ?”

“ಬರದೆ ಎಲ್ಲಿಗೆ ಹೋಗ್ತಾರೆ” ಅಂದೆ. ಡಬ್ಬಿ ಮತ್ತೆ ಅದಲುಬದಲು ಮಾಡಿದೆ. ‘ಸಮಾಪ್ತಿ’ಯನ್ನು ಕತ್ತರಿಸಿ ತೆಗೆದಿಟ್ಟೆ.

ಮೊದಲ ಸಲ ತಪ್ಪು. ಉಳಿದ ನೂರ ಇಪ್ಪತ್ತೆಂಟು ಸಲ ಬೇಕಂತಲೇ.

ಮಾರ್ಚ್ 12, ಗುರುವಾರ. ಸಂಜೆ 6

ಪುಟ್ಟಿ ಕೆಲಸದಿಂದ ಓಡುತ್ತ ಬಂದಳು. ಹಳೇ ಸಿನಿಮಾ ಇಷ್ಟು ವರ್ಷ ಎಲ್ಲೂ ಸಿಗುತ್ತಿರಲಿಲ್ಲ, ಅದನ್ನು ತೆಗೆದವರ ಮನೆಯಲ್ಲಿ ಕೋರ್ಟ್ ಜಗಳ. ನಾನು ಅದೊಂದನ್ನೇ ನಂಬಿಕೊಂಡಿದ್ದೆ. ಜಗಳ ತೀರಿದೆಯಂತೆ. ಹಳೇ ನೆಗೆಟಿವ್ ತೊಳೆದು ಹೊಸದು ಮಾಡಿದ್ದಾರಂತೆ. 22ಕ್ಕೆ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನಮ್ಮೂರಲ್ಲಿ ಒಂದೇ ಆಟ.

“ಕ್ಯಾಪ್ಟನ್ ವಾಪಸ್ ಬರ್ತಾನೆ ಅಂತ ಹನ್ನೊಂದು ವರ್ಷದಿಂದ ನೆಟ್‌ನಲ್ಲಿರೋ ನಮ್ಮ ಪೇಜ್‌ನಲ್ಲಿ ಬರೀತಾ ಇದೀನಿ ಚಿಕ್ಕಪ್ಪ. ಹುಚ್ಚಿ ಅಂತಾರೆ. ಚಿಕ್ಕವಳಿದ್ದಾಗ ಕನಸು ಕಂಡಿರ್ತೀಯ ಅಂತಾರೆ. ಡಾಕ್ಟ್ರಿಗೆ ಹೇಳಿ ಬಂದೆ — ಕ್ಯಾಪ್ಟನ್ ವಾಪಸ್ ಬರ್ಲಿಲ್ಲ ಅಂದ್ರೆ ಎಲ್ಲರ ಮುಂದೆ ನಿಂತು ನಾನು ಹೇಳಿದ್ದು ಸುಳ್ಳು ಅಂತೀನಿ, ಪೇಜ್ ಮುಚ್ತೀನಿ.”

“ಹಾಗೆಲ್ಲ ಯಾಕಮ್ಮ ಹೇಳೋಕೆ ಹೋದೆ...”

“ಆ ವರ್ಷದ್ದು ನನಗೆ ಬೇರೆ ಏನೂ ನೆನಪಿಲ್ಲ. ಅಪ್ಪನ ಮುಖಾನೂ ಫೋಟೋದಲ್ಲಿ ನೋಡಿದ್ದೇ. ಇದೊಂದು ಸರಿಯಾಗಿ ನೆನಪಿದೆ. ಇದೂ ಸುಳ್ಳು ಅನ್ನಿಸ್ಕೊಳ್ಳಲಾ?”

ಕಾಫಿ ಆರಿ ಹೋಯಿತು. ಕುಡಿಯಲಿಲ್ಲ.

ಮಾರ್ಚ್ 14, ಶನಿವಾರ. ಮಧ್ಯಾಹ್ನ 1

ಹೇಳಿಬಿಡೋಣ ಅಂತಲೇ ಪುಟ್ಟಿ ಇರುವ ಅಂಗಡಿಗೆ ಹೋದೆ. ಕುರ್ಚಿಯಲ್ಲಿ ಕೂರಿಸಿ ಕಣ್ಣಿಗೆ ಪರೀಕ್ಷೆಯ ಕಬ್ಬಿಣದ ಫ್ರೇಮ್ ಸಿಕ್ಕಿಸಿದಳು.

“ಪುಟ್ಟಿ, ಒಂದು ವಿಷಯ...”

“ಅಲ್ಲಾಡಬೇಡಿ. ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?”

“ಮೊದಲಿನದು. ಆ ಸಿನಿಮಾದ ರೀಲು ಇದೆಯಲ್ಲ...”

ಅಷ್ಟರಲ್ಲಿ ಗಿರಾಕಿ ಒಬ್ಬರು ಒಳಗೆ ಬಂದರು. “ಇವರೇ ನಮ್ಮ ಚಿಕ್ಕಪ್ಪ” ಅಂದಳು, ಅವರು ಕೇಳದಿದ್ದರೂ. ಅವರು ಕೈ ಹಿಡಿದು ಕುಲುಕಿ, “ಕ್ಯಾಪ್ಟನ್ ವಾಪಸ್ ಬಂದ ಸಿನಿಮಾ ಓಡಿಸಿದ್ದು ನೀವೇನಾ? ನಮ್ಮಮ್ಮ ನಾಲ್ಕು ಸಲ ನೋಡಿದ್ರು. 22ಕ್ಕೆ ಅವರನ್ನೂ ಕರ್ಕೊಂಡು ಬರ್ತೀನಿ” ಅಂದರು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಡೈರೆಕ್ಟರೇ ನನಗೆ ಫೋನ್ ಮಾಡಿದ್ದರು ಅಂದೆ. ಈ ನಾಲಿಗೆ ಯಾರದು, ಯಾರ ಮಾತು ಕೇಳುತ್ತದೆ, ನನಗಂತೂ ಗೊತ್ತಿಲ್ಲ.

ಕಣ್ಣಿನ ನಂಬರ್ ಹೆಚ್ಚಾಗಿದೆಯಂತೆ. ಹೊಸ ಕನ್ನಡಕ ಮಾಡಿಸಿಕೊಡುತ್ತಾಳಂತೆ. “22ಕ್ಕೆ ಸರಿಯಾಗಿ ಕಾಣ್ಬೇಕಲ್ಲ ನಿಮಗೆ.”

ಮಾರ್ಚ್ 19, ಗುರುವಾರ

ಹೇಳಲಿಲ್ಲ.

ಮಾರ್ಚ್ 21, ಶನಿವಾರ. ಬೆಳಗ್ಗೆ 9

ಜ್ವರ ಅಂತ ಮಲಗಿದೆ. ಅತ್ತಿಗೆ ಹಣೆ ಮುಟ್ಟಿ ನೋಡಿ, “ಕಲ್ಲು ಇದಕ್ಕಿಂತ ಬಿಸಿ ಇರುತ್ತೆ, ಏಳಿ” ಅಂದರು.

ಅವರಿಗೆ ಹೇಳಿದೆ. ಎಲ್ಲ. ಒಂಬತ್ತು, ಹತ್ತು, ಡಬ್ಬಿ, ಸ್ಟೂಲು. ಹೊಲಿಗೆ ಮೆಷಿನ್ ನಿಲ್ಲಿಸಿ ಕೇಳಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

“ಆಗ ಅವಳು ರಾತ್ರಿ ನಿದ್ದೆ ಮಾಡೋಕೆ ಶುರು ಮಾಡಿದ್ದು ಯಾಕೆ ಅಂತ ನನಗೆ ಗೊತ್ತೇ ಆಗಿರಲಿಲ್ಲ” ಅಂದರು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, “ನೀವೇ ಹೇಳ್ಬೇಕು. ನಾನು ಹೇಳಲ್ಲ.”

ಹೊಸ ಕನ್ನಡಕ ಬಂತು. ಎಲ್ಲ ಚೆನ್ನಾಗಿ ಕಾಣುತ್ತಿದೆ. ಕಾಣದಿದ್ದರೇ ಒಳ್ಳೆಯದಿತ್ತು.

ಮಾರ್ಚ್ 22, ಭಾನುವಾರ. ಮಧ್ಯಾಹ್ನ 1.20. ಹಾಲ್‌ನಲ್ಲೇ

ಮುಗಿಯಿತು. ದೀಪ ಹಾಕಿದ್ದಾರೆ.

ಬರುವಾಗ ಆಟೋದಲ್ಲಿ ಹೇಳಬೇಕು ಅಂತಿದ್ದೆ. ಮೇಷ್ಟ್ರು ಜೊತೆಗೆ ಹತ್ತಿಕೊಂಡರು. ಇಂಟರ್ವಲ್‌ನಲ್ಲಿ ಹೇಳಬೇಕು ಅಂತಿದ್ದೆ. ಊರಿನವರೆಲ್ಲ ಬಂದು ಕೈ ಕುಲುಕಿದರು.

ಈಗಿನ ಸಿನಿಮಾಕ್ಕೆ ರೀಲು ಇಲ್ಲ, ಆದರೆ ನನ್ನ ತಲೆಯಲ್ಲಿ ಓಡುತ್ತಿತ್ತು. ಏಳು. ಎಂಟು. ಒಂಬತ್ತು — ದಡ. ಕ್ಯಾಪ್ಟನ್ ಬಗ್ಗಿದ, ಮುಖ ತೊಳೆದ, ನಕ್ಕ. ಪುಟ್ಟಿ ನನ್ನ ತೋಳು ಹಿಡಿದಳು. “ಇದು ಕೊನೆಗೆ ಬರ್ಬೇಕಲ್ವಾ?” ನಾನು ಪರದೆ ನೋಡುತ್ತಿದ್ದೆ. ಹತ್ತು. ಬಾಗಿಲು ಹಾಕಿಕೊಂಡ. ನೌಕೆ ಸಿಡಿಯಿತು. ‘ಸಮಾಪ್ತಿ’. ತೋಳು ಹಿಡಿದ ಕೈ ಹಾಗೇ ಇತ್ತು.

ಹೊರಗಿನವರು ಎದ್ದು ಹೋದರು. ಊರಿನವರು ಏಳಲಿಲ್ಲ. ನಲವತ್ತು ಐವತ್ತು ಜನ ಇದ್ದಾರು, ನರೆತ ತಲೆಗಳು, ಬಿಳಿ ಪರದೆ ನೋಡುತ್ತ ಕೂತಿದ್ದಾರೆ. ಆಗಲೂ ಮುಗಿಯಿತು ಅನ್ನಿಸಿದ ಮೇಲೇ ಅಲ್ಲವೇ ಕ್ಯಾಪ್ಟನ್ ಬಂದದ್ದು. ಅಂಗಡಿಗೆ ಬಂದಿದ್ದ ಗಿರಾಕಿಯ ತಾಯಿ ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಾರೆ. ಡಾಕ್ಟರು ಎದ್ದವರು ಸುತ್ತ ನೋಡಿ ಮತ್ತೆ ಕೂತರು. ಗೆದ್ದೆ ಅನ್ನಬಹುದಿತ್ತು.

ನನ್ನ ಕೈ ಸೀಟಿನ ಪಕ್ಕ ಸ್ವಿಚ್ ಹುಡುಕುತ್ತಿತ್ತು. ಎರಡನೇ ಮೆಷಿನ್‌ನ ಸ್ವಿಚ್ಚು.

ಪುಟ್ಟಿ ನನ್ನ ಕಡೆ ನೋಡಲಿಲ್ಲ. ತಿರುಗಿ ಮೇಲೆ, ಹಿಂದಿನ ಗೋಡೆಯ ಕಿಂಡಿ ನೋಡಿದಳು. ಆಮೇಲೆ ಮೆಲ್ಲಗೆ, ಸ್ಟೂಲ್ ಮೇಲಿನ ಅದೇ ದನಿಯಲ್ಲಿ — “ಚಿಕ್ಕಪ್ಪ, ಇನ್ನೊಂದು ರೀಲು ಇದೆ ಅಲ್ವಾ?”

ಅವಳಿಗೆ ಗೊತ್ತಾಗಿದೆ. ಗೊತ್ತಾಗಿಯೂ ಕೇಳಿದಳು.

“ಇದೆ” ಅಂದೆ.

ಪೊರಕೆ ಹಿಡಿದವನು ಒಳಗೆ ಬಂದ. ಅವಳು ಎದ್ದು ಹೋಗಿ ಐದು ನಿಮಿಷ ನಿಲ್ಲಪ್ಪ ಅಂತ ಕೇಳಿಕೊಳ್ಳುತ್ತಿದ್ದಾಳೆ. ಏನೋ ಗುರುತು ಹಾಕಿಕೊಳ್ಳುವವನ ಹಾಗೆ ಈ ಪುಸ್ತಕ ತೆಗೆದು ಬರೆಯುತ್ತಿದ್ದೇನೆ. ತಲೆ ಎತ್ತುವ ಧೈರ್ಯ ಇಲ್ಲ. ಪರದೆ ಹಾಗೇ ಬೆಳ್ಳಗಿದೆ. ಯಾರೂ ಏಳುತ್ತಿಲ್ಲ. ಅವನು ಒಪ್ಪಿದ ಅಂತ ಕಾಣುತ್ತದೆ. ವಾಪಸ್ ಬರುತ್ತಿದ್ದಾಳೆ. ಪಕ್ಕಕ್ಕೆ ಬಂದು ಕೂತಳು, ಪುಟ ಅವಳ ಕಡೆಗೆ ತಿರುಗಿಸಿಕೊಂಡೇ ಬರೆಯುತ್ತಿದ್ದೇನೆ. ಪುಟ್ಟಿ, ಆವತ್ತು ಮೊದಲನೇ ಆಟಕ್ಕೆ ನಾನು ಕಣ್ಣು ಮುಚ್ಚಿಕೊಂಡು —