ಎಡಕ್ಕೆ ಎಳೆಯುವ ಡ್ರೋನ್

ಯಶವಂತನಗರ,
ಭಾನುವಾರ, 14 ಜುಲೈ 2024

ಪ್ರೀತಿಯ ಪಂಪಾವತಿಗೆ,

ಗಂಡ ಕಾಗದ ಬರೆದಿದ್ದಾನೆಂದು ಕಂಪ್ಲಿಯ ಓಣಿಗೆಲ್ಲ ಡಂಗುರ ಹೊಡೆಯಬೇಡ. ಫೋನ್ ಮಾಡಿದರೆ ನಿಮ್ಮವ್ವ ಸ್ಪೀಕರಿಗೆ ಹಾಕು ಅನ್ನುತ್ತಾರೆ, ಇದು ಅವರು ಕೇಳುವಂಥ ಮಾತಲ್ಲ. ಅವರ ಮುರಿದ ಸೊಂಟ ಹೇಗಿದೆ? ಎದ್ದು ಕೂರುತ್ತಾರಾ? ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅವರನ್ನು ಒಬ್ಬಳೇ ಎತ್ತಲು ಹೋಗಿ ನಿನ್ನ ಸೊಂಟವನ್ನೂ ಮುರಿದುಕೊಳ್ಳಬೇಡ. ಇಲ್ಲಿ ಮಗಳು ರೇಣುಕಾ ಆರಾಮಾಗಿದ್ದಾಳೆ. ನಾನು ಮಾಡಿದ ರೊಟ್ಟಿ ಭೂಪಟದ ಹಾಗಿದೆ ಎಂದು ನಗುತ್ತಲೇ ತಿನ್ನುತ್ತಾಳೆ.

ಡ್ರೋನಿನ ಕಥೆ ಕೇಳು. ನಿನ್ನ ತಮ್ಮ ಪಂಪೇಶ ಅವಳ ಹತ್ತನೇ ಹುಟ್ಟುಹಬ್ಬಕ್ಕೆಂದು ತಂದುಕೊಟ್ಟ. ಅಂಗೈಯಗಲದ ಆಟಿಕೆ, ನಾಲ್ಕು ಮೂಲೆಗೆ ನಾಲ್ಕು ರೆಕ್ಕೆ. ಶುಕ್ರವಾರ ಸಂಜೆ ನಾನೇ ಮೊದಲು ಹಾರಿಸಿ ತೋರಿಸುತ್ತೇನೆಂದು ಅವಳ ಕೈಯಿಂದ ರಿಮೋಟ್ ಕಿತ್ತುಕೊಂಡೆ. ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನಿಗೆ ಇದೇನು ಮಹಾ! ನೆಲ ಬಿಟ್ಟಿತೋ ಇಲ್ಲವೋ, ತಡವರಿಸುತ್ತಾ ಎಡಕ್ಕೆ ಎಳೆದು ನಿನ್ನ ಪಾತ್ರೆ ಸ್ಟ್ಯಾಂಡಿಗೆ ಬಡಿಯಿತು. ಮತ್ತೆ ಎತ್ತಿದೆ, ಮತ್ತೆ ಎಡಕ್ಕೆ. (ಒಂದು ಚರಿಗೆ ನೆಗ್ಗಿದೆ, ಬಂದ ಮೇಲೆ ಬೈಯಿ.) ಗಾಡಿ ಒಂದು ಕಡೆ ಎಳೆದರೆ ಡ್ರೈವರ್ ಮೊದಲು ಚಕ್ರ ನೋಡುತ್ತಾನೆ, ನಾನು ರೆಕ್ಕೆ ನೋಡಿದೆ. ಒಂದು ಸೊಟ್ಟಗಿತ್ತು. ಡಬ್ಬಿಯಲ್ಲಿದ್ದ ಬೇರೆಯದನ್ನು ಹಾಕಿದರೆ ಹಾರುವುದಿರಲಿ, ಮಗುಚಿಕೊಂಡೇ ಬಿತ್ತು. ಡಬ್ಬಿಯ ಜೊತೆಗೆ ಬಂದ ಚೀಟಿಯನ್ನು ರೇಣುಕಾ ಓದಿದಳು: ರೆಕ್ಕೆಯಲ್ಲಿ ಬಲಕ್ಕೆ ತಿರುಗುವುದು, ಎಡಕ್ಕೆ ತಿರುಗುವುದು ಎಂದು ಎರಡು ಜಾತಿಯಂತೆ, ಎದುರುಬದುರು ಮೂಲೆಗೆ ಒಂದೇ ಜಾತಿ ಇರಬೇಕಂತೆ. ಹಾಗೇ ಕೂರಿಸಿದೆ. ಮೋಟರಿಗೆ ಸುತ್ತಿಕೊಂಡಿದ್ದ ಕೂದಲನ್ನು ಸೂಜಿಯಿಂದ ಬಿಡಿಸಿದೆ, ಉದ್ದ ನೋಡಿದರೆ ನಿನ್ನದೇ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದೆ. ಫ್ಯಾನ್ ನಿಲ್ಲಿಸಿ ಕಿಟಕಿ ಹಾಕಿದೆ. ಸಮನೆಲದ ಮೇಲಿಟ್ಟು ರಿಮೋಟಿನ ಎರಡೂ ಕಡ್ಡಿ ಒಟ್ಟಿಗೆ ಒತ್ತಿ ಹಿಡಿದರೆ ಅದು ತನ್ನ ಸಮತೋಲ ತಾನೇ ಕಂಡುಕೊಳ್ಳುತ್ತದಂತೆ, ಅದನ್ನೂ ಮಾಡಿದೆ. ನೆಲವೇ ಸರಿಯಿಲ್ಲವೆಂದು ಊಟದ ಮಣೆಯ ಮೇಲಿಟ್ಟೂ ಮಾಡಿದೆ. ಆದರೂ ಎಡಕ್ಕೇ. ನೀನಿದ್ದಿದ್ದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಂದೇಬಿಡುತ್ತಿದ್ದಿ.

ಕೊನೆಗೆ ರೇಣುಕಾ "ಅಪ್ಪಾ, ಕಡ್ಡಿ ಬಿಡು" ಅಂದಳು. ಬಿಟ್ಟೆ. ಡ್ರೋನ್ ಮೊಳೆ ಹೊಡೆದ ಹಾಗೆ ಗಾಳಿಯಲ್ಲಿ ನಿಂತಿತು. ರಿಮೋಟ್ ಅವಳು ತೆಗೆದುಕೊಂಡಳು. ಮುಂದೆ ಹೋಯಿತು, ಹಿಂದೆ ಬಂತು, ಕುರ್ಚಿ ಸುತ್ತಿ ಮೆಲ್ಲಗೆ ಇಳಿಯಿತು. ಮತ್ತೆ ನಾನು ಹಿಡಿದೆ, ಮತ್ತೆ ಎಡಕ್ಕೆ. ಈ ಸಲ ಅವಳು ಡ್ರೋನನ್ನು ನೋಡುತ್ತಿರಲಿಲ್ಲ, ನನ್ನ ಬಲಗೈ ಹೆಬ್ಬೆರಳನ್ನು ನೋಡುತ್ತಿದ್ದಳು. "ನಿನ್ನ ಬೆರಳು ಯಾಕಪ್ಪಾ ಹಂಗ ನಡಗತೈತಿ?" ಪಂಪಾ, ಆಗ ನಾನೂ ನೋಡಿದೆ. ಹೆದರಿಕೆಯಾಯಿತು. ಟೀ ಕಾಸುತ್ತೇನೆಂದು ಒಳಗೆ ಹೋಗಿ ಒಲೆ ಹಚ್ಚದೆ ಸುಮ್ಮನೆ ನಿಂತಿದ್ದೆ.

ಗಣಿ ಕಂಪನಿಯ ಬಸ್ ಎಡಕ್ಕೆ ಎಳೆಯುತ್ತದೆಂದು ಮೂರು ತಿಂಗಳಿಂದ ಮೆಕ್ಯಾನಿಕ್ ತಾಯಪ್ಪನ ಪ್ರಾಣ ತಿಂದಿದ್ದೇನೆ. ಅವನು ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ, ಮುಂದಿನ ಟೈರ್ ಬದಲಿಸಿದ. "ಗಾಳೆಪ್ಪಣ್ಣ, ಗಾಡ್ಯಾಗ ಏನೂ ಇಲ್ರಿ" ಅಂದದ್ದಕ್ಕೆ ಎಲ್ಲರ ಎದುರು ಅವನ ಅಪ್ಪನನ್ನೂ ಬಿಡದೆ ಬೈದೆ. ಗಾಡಿಯಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಅಂಗಿ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿತ್ತು, ಹಾಜರಿ ಪುಸ್ತಕದ ಸಹಿ ಇರುವೆಯಷ್ಟು ಸಣ್ಣದಾಗಿತ್ತು. ಎಲ್ಲಕ್ಕೂ ವಯಸ್ಸು ಎಂದುಕೊಂಡಿದ್ದೆ. ಗಣಿಯ ಧೂಳೋ, ನರದ ದೋಷವೋ, ನನಗೇನು ಗೊತ್ತು. ಬುಧವಾರ ಹೊಸಪೇಟೆಯಲ್ಲಿ ಡಾಕ್ಟರಿಗೆ ತೋರಿಸುತ್ತೇನೆ. ಆದರೆ ಡಾಕ್ಟರ್ ಏನೇ ಹೇಳಲಿ, ಕೈ ಹೀಗಿದೆ ಎಂದು ಆಫೀಸಿಗೆ ತಿಳಿದ ದಿನ ಸ್ಟೇರಿಂಗ್ ಹೋಗುತ್ತದೆ, ಅದರ ಹಿಂದೆಯೇ ಕ್ವಾರ್ಟರ್ಸ್ ಕೂಡ. ಡ್ರೈವರಿಕೆ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಯಾರಿಗೂ ಹೇಳದೆ ಇದ್ದುಬಿಡಲೇ ಎಂದು ನಿನ್ನೆ ಡ್ಯೂಟಿಯುದ್ದಕ್ಕೂ ಯೋಚಿಸಿದೆ. ಹೌದು, ಎಲ್ಲ ಗೊತ್ತಿದ್ದೂ ನಿನ್ನೆ ಬಸ್ ಓಡಿಸಿದೆ. ಬರೆಯಲು ನಾಚಿಕೆಯಾಗುತ್ತದೆ.

ಅತ್ತೆಗೆ ನಮಸ್ಕಾರ ಹೇಳು, ಈ ಸಂಗತಿ ಹೇಳಬೇಡ. ನಿನ್ನನ್ನು ಹುಲಿಗೆಮ್ಮ ಕಾಯಲಿ. ನೀನು ಹತ್ತಿರವಿಲ್ಲದ್ದು ಈ ವಾರ ಭಾಳ ತಿಳಿಯಿತು.

ನಿನ್ನ
ಗಾಳೆಪ್ಪ

ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆಯಲೇಬೇಕು. ಗುರುವಾರ ಸಂಡೂರಿನ ಘಾಟಿಯಲ್ಲಿ ಎಮ್ಮೆ ಅಡ್ಡ ಬಂದಾಗ ಭಾವ ಬಸ್ ತಿರುಗಿಸಿ ಮೂವತ್ತೆಂಟು ಜನರನ್ನು ಉಳಿಸಿದ ಎಂದು ಪಂಪೇಶ ನಿನಗೆ ಫೋನ್ ಮಾಡಿದ್ದಾನೆ, ನೀನು ಗುಡಿಗೆ ಹೋಗಿ ಕಾಯಿ ಒಡೆಸಿದ್ದೀ. ಅದು ಬೆಳಗಿನ ಪಾಳಿ, ಬಸ್ಸಿನಲ್ಲಿ ಎಲ್ಲರೂ ನಿದ್ದೆಯಲ್ಲಿದ್ದರು. ಅದೇ ಪಾಳಿಗೆ ಬರುತ್ತಿದ್ದ ಪಂಪೇಶ ನನ್ನ ಹಿಂದಿನ ಸೀಟಿನಲ್ಲೇ ತೂಕಡಿಸುತ್ತಿದ್ದ. ಎಡಗಡೆ ಚಕ್ರ ರಸ್ತೆ ಬಿಟ್ಟು ಕಂದಕದ ಅಂಚಿನ ಕಲ್ಲಿಗೆ ಬಡಿದಾಗ ಎಲ್ಲರಿಗೂ ಎಚ್ಚರವಾಯಿತು. ನಾನು ಎಮ್ಮೆ ಅಂದೆ, ನಂಬಿದರು. ಎಮ್ಮೆ ಇರಲಿಲ್ಲ, ಪಂಪಾ. ನಾಳೆ ಬೆಳಿಗ್ಗೆ ಬಸ್ಸಿನ ಕೀ ಕೊಟ್ಟು ಆಫೀಸಿನಲ್ಲಿ ಇದನ್ನೇ ಹೇಳುತ್ತೇನೆ. ಪಂಪೇಶನಿಗೆ ಮಾತ್ರ ನೀನು ಹೇಳು, ನನ್ನಿಂದಾಗುವುದಿಲ್ಲ. ಅವತ್ತು ಬಸ್ಸಿನಿಂದ ಇಳಿದವನೇ ಅವನು ನನ್ನ ಈ ಬಲಗೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡ.