ಹತ್ತು ಗುಂಡಿಗಳ ವೊವಿಯೊ

ಮಾರ್ಚ್ 11, ಮಂಗಳವಾರ

ರಂಜಾನ್ ಟೈಮಿಂಗ್. ಆಫೀಸು ಎರಡೂವರೆಗೇ ಖಲಾಸ್. ಅನ್ನಕ್ಕಿಟ್ಟು ಮತ್ತೆ ಹುಡುಕಲು ಕೂತೆ — ಮೆಲೋಡಿಯನ್, ಜನಪದ ಹಾಡು, ಶೀಟ್ ಮ್ಯೂಸಿಕ್. ಐರ್ಲೆಂಡಿನ ಕುಣಿತ ಸಿಕ್ಕಿತು. ಫ್ರಾನ್ಸಿನ ವಾಲ್ಟ್ಜ್ ಸಿಕ್ಕಿತು. ಇಂಗ್ಲೆಂಡಿನಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುವ ಗಂಡಸರ ಹಾಡುಗಳ ಇಡೀ ಪುಸ್ತಕವೇ ಸಿಕ್ಕಿತು, ಪುಕ್ಕಟೆ. ನಮ್ಮ ಕೊಂಕಣಿ ಮದುವೆ ಹಾಡು ವೊವಿಯೊ — ಮಾಫಿ, ಇಲ್ಲವೇ ಇಲ್ಲ.

ಊರಿಂದ ತರಿಸಿದ ಪುಸ್ತಿಕೆಯಲ್ಲಿ ಪದ ಉಂಟು, ಸ್ವರ ಇಲ್ಲ. ಮೇಲೆ ಒಂದು ಸಾಲು: 'ರಾಗ — ಎಲ್ಲರಿಗೂ ತಿಳಿದದ್ದು'. ಎಲ್ಲರಿಗೂ ತಿಳಿದದ್ದನ್ನು ಯಾರು ಬರೆದಿಡುತ್ತಾರೆ?

ನನಗೂ ಗೊತ್ತು. ಗಂಟಲಿಗೆ ಗೊತ್ತು. ಬೆರಳಿಗೆ ಗೊತ್ತಿಲ್ಲ. ಬೆರಳಿಗೆ ಗೊತ್ತಿದ್ದವನು, ನನ್ನ ಗಂಡ ನಾರ್ಬರ್ಟ್, ಅಕ್ಟೋಬರಿನಲ್ಲಿ ಹೋದ.

ಮಾರ್ಚ್ 14, ಶುಕ್ರವಾರ

ಹೋದ ವಾರದ ಫೋನನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಅಡುಗೆಮನೆಯಲ್ಲಿ ಒಬ್ಬಳೇ ಮಾತಾಡುತ್ತೇನೆ, ಅದು ಇನ್ನೂ ಕೆಟ್ಟದ್ದು. ಈ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ನಮ್ಮ ಮಗ ಲೆಸ್ಟರ್ ದುಬೈಯಲ್ಲೇ ಹುಟ್ಟಿ ಬೆಳೆದವನು, ಅವನಿಗೆ ಈ ಅಕ್ಷರ ಬರೀ ಜಿಲೇಬಿ. ಭಯವಿಲ್ಲ.

ಅಬುಧಾಬಿಯಿಂದ ಜೋಸ್ಫಿನ್ ಬಾಯ್. ನಾರ್ಬರ್ಟನ ಅಕ್ಕ.

"ಬೆಟ್ಟಿ, ಬೇಜಾರು ಮಾಡ್ಬೇಡ. ಲೆಸ್ಟರನ ರೋಸಿಗೆ ವೊವಿಯೊ ನಾನು ಹೇಳ್ತೇನೆ."

"ಯಾಕೆ ಬಾಯ್? ದುಬೈಯಲ್ಲಿ ಇಪ್ಪತ್ತಾರು ರೋಸಿಗೆ ನಾನೇ ಹೇಳಿದ್ದಲ್ವಾ?"

"ಆಗ ನಾರ್ಬರ್ಟ್ ಇದ್ದ ಮಾರಾಯ್ತಿ."

ಅಷ್ಟು ಹೇಳಿ ಅವರೇ ಅತ್ತರು. ತಮ್ಮನಲ್ಲವೇ. ಮೂಗೊರೆಸಿಕೊಂಡು ಮುಂದುವರಿಸಿದರು: "ಗಂಡ ಇರುವವರೇ ಹೇಳುದು, ಗಂಡ ಇರುವವರೇ ತೆಂಗಿನ ಹಾಲು ಹಾಕುದು. ನಾನು ಮಾಡಿದ ರೂಲಾ ಇದು?"

ಅಲ್ಲ. ಮದುವೆಯ ಮುನ್ನಾದಿನ ರೋಸಿನಲ್ಲಿ ಮಗನ ಮೈಗೆ ತೆಂಗಿನ ಹಾಲು ಹಚ್ಚುವಾಗ ತಾಯಿ ಹಿಂದಿನ ಸಾಲಿನಲ್ಲಿ ಕೂರಬೇಕು, ಗಂಡ ಸತ್ತಿದ್ದರೆ. ಬೀಗರು ಬರುವ ಹೊತ್ತಿಗೆ ಬಾಯಿಗೆ ಬೀಗ.

ಕೇಳಿದೆ — "ಬಾರಿಸಬಹುದಾ?"

"ಎಂತದ್ದು?"

"ಅವನ ಮೆಲೋಡಿಯನ್. ನೀವು ಹೇಳುವಾಗ ನಾನು ಮೂಲೆಯಲ್ಲಿ ಕೂತು ಬಾರಿಸ್ತೇನೆ."

"ಅದಕ್ಕೆ ಯಾರೂ ಏನೂ ಹೇಳಿದ್ದಿಲ್ಲ" ಅಂದರು. ಯಾವ ವಿಧವೆಯೂ ಇದುವರೆಗೆ ಕೇಳಿರಲಿಕ್ಕಿಲ್ಲ.

ಮಾರ್ಚ್ 20

ರುವೈಸಿನಲ್ಲಿ ಅವನ ಜೊತೆ ಕೆಲಸಕ್ಕಿದ್ದ ಒಬ್ಬ ಬಿಳಿಯ ಊರಿಗೆ ಹೊರಟಾಗ ಬಿಟ್ಟುಹೋದ ಮೆಲೋಡಿಯನ್ ಪೆಟ್ಟಿಗೆ ಇದು. ನಾರ್ಬರ್ಟ್ ಕಂಪನಿ ಕ್ವಾರ್ಟರ್ಸಿನಲ್ಲಿ ಕೂತು ತಾನೇ ಕಲಿತ. ಗುರುವಾರ ಸಂಜೆ ಕುಸೈಸಿನ ಈ ಮನೆಗೆ ಬಂದರೆ ಮೊದಲು ಪೆಟ್ಟಿಗೆ, ಆಮೇಲೆ ಹೆಂಡತಿ. ಸವತಿಗೆ ಹತ್ತು ಗುಂಡಿ. ತಿದಿ ಒತ್ತಿದರೆ ಒಂದು ಸ್ವರ, ಅದೇ ಗುಂಡಿಯಲ್ಲೇ ತಿದಿ ಎಳೆದರೆ ಇನ್ನೊಂದು ಸ್ವರ. ಇಂಥ ಎರಡು ಮಾತಿನ ವಸ್ತುವನ್ನು ನಾನು ಆಫೀಸಿನ ಮ್ಯಾನೇಜರನನ್ನು ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಲೆಸ್ಟರ್ ನೋಡಿದ. "ಮಮ್ಮಾ, ಯು ಆರ್ ಲರ್ನಿಂಗ್ ದಟ್? ವೈ?"

"ಪ್ರಮೋಷನ್ ಸಿಕ್ಕಿತು ಮಗಾ. ಗಂಟಲಿನಿಂದ ಬೆರಳಿಗೆ."

ನಕ್ಕ. "ಕೂಲ್" ಅಂದ. ತಾನ್ಯಾಳಿಗೆ ಫೋನ್ ಮಾಡಲು ಬಾಲ್ಕನಿಗೆ ಹೋದ — ಮದುವೆಯಾಗುವವಳು, ಮಾತು ಮುಗಿಯುವುದಿಲ್ಲ.

ಬಾಯ್ ಅವನಿಗೂ ಹೇಳಿರುತ್ತಾರೆ. ಒಂದು ಮಾತೂ ಆಡಲಿಲ್ಲ. ಒಪ್ಪಿಕೊಂಡಿದ್ದಾನೆ ಅಂತ ಅರ್ಥ. ಇರಲಿ… ಇರಲಿ ಅಂತ ಬರೆಯುವುದು ಸುಲಭ.

ಏಪ್ರಿಲ್ 2, ಬುಧವಾರ

ಈದ್ ರಜೆಯಲ್ಲಿ ಬುದ್ಧಿ ಬಂತು. ಅವನದೇ ವೀಡಿಯೊ ಉಂಟಲ್ಲ! ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಸೆಲ್ಫಿ ಕ್ಯಾಮೆರಾದಲ್ಲಿ ತನ್ನನ್ನೇ ತೆಗೆದದ್ದು. ವೊವಿಯೊದ ಒಂದೇ ಚರಣ, ನಲವತ್ತು ಸೆಕೆಂಡು. ನಿಲ್ಲಿಸಿ, ನಿಲ್ಲಿಸಿ, ಯಾವ ಗುಂಡಿ, ಒತ್ತಿದ್ದೋ ಎಳೆದದ್ದೋ — ನಾಲ್ಕು ದಿನ ಕೂತು ಬರೆದೆ. ಅವನು ಹೋದ ಮೇಲೆ ಅಷ್ಟು ಹೊತ್ತು ಅವನ ಮುಖ ನೋಡಿರಲಿಲ್ಲ. ಮುಖ ನೋಡಲಿಲ್ಲ, ಕೈ ನೋಡಿದೆ. ಸುಳ್ಳು. ಮುಖ ನೋಡಿದೆ.

ಬಾರಿಸಿದರೆ ವೊವಿಯೊ ಅಲ್ಲ. ಏರಬೇಕಾದಲ್ಲಿ ಇಳಿಯುತ್ತದೆ, ಇಳಿಯಬೇಕಾದಲ್ಲಿ ಏರುತ್ತದೆ. ಮದುವೆಯ ಹಾಡು ತೂಕದ ಯಂತ್ರದ ಮುಳ್ಳಿನ ಹಾಗೆ ಮೇಲೆ ಕೆಳಗೆ.

ಏಪ್ರಿಲ್ 5, ಶನಿವಾರ

ಮುರಕ್ಕಬಾತಿನಲ್ಲಿ ಬಿರಿಯಾನಿ ಹೋಟೆಲಿನ ಮೇಲೆ ಫಿಡೆಲಿಸ್ ಸರ್ ಅವರ ಸಂಗೀತದ ಕ್ಲಾಸು. ಉಡುಪಿ ಕಡೆಯವರು, ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಾರೆ. ನನ್ನ ಕಾಗದ ನೋಡಿದರು, ನಾನು ಪೆಟ್ಟಿಗೆ ಹಿಡಿದದ್ದು ನೋಡಿದರು, ಕನ್ನಡಕ ತೆಗೆದರು.

"ಬೆಟ್ಟಿ ಬಾಯ್, ನೀವು ಇದನ್ನು ತಲೆಕೆಳಗೆ ಹಿಡಿದಿದ್ದೀರಿ."

"ವೀಡಿಯೊದಲ್ಲಿ ಹೀಗೇ ಉಂಟು ಸರ್. ಗುಂಡಿಯ ಮೇಲೆ ಎಡಗೈ."

ವೀಡಿಯೊ ನೋಡಿದರು. "ಇವರ ಶರ್ಟಿನ ಕಿಸೆ ಯಾವ ಕಡೆ ಉಂಟು?"

ಬಲಗಡೆ.

"ಅಂಗಡಿಯಲ್ಲಿ ಸಿಗ್ತದಾ ಅಂಥ ಶರ್ಟು? ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ತೆಗೆದಿದೆ. ಅವರು ಬಲಗೈಯಲ್ಲೇ ಬಾರಿಸಿದ್ದು."

ಇಪ್ಪತ್ತೊಂಬತ್ತು ವರ್ಷ ಆ ಕಿಸೆಯ ಮೇಲೆ ಇಸ್ತ್ರಿ ಎಳೆದವಳು ನಾನು. ಹೃದಯ ಯಾವ ಕಡೆ ಅಂತ ಮರೆತೆನೇ? ಜೋರಾಗಿ ನಕ್ಕೆ. ಸರ್ ಕೂಡ ನಕ್ಕರು, ಆಮೇಲೆ ನೀರು ತಂದುಕೊಟ್ಟರು. ನಗು ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರುವಾಯಿತೋ ನನಗೇ ತಿಳಿಯಲಿಲ್ಲ.

"ಹಾಡಿ" ಅಂದರು. "ನಾನೇ ಸ್ವರ ಬರೆದುಕೊಡ್ತೇನೆ. ಒತ್ತುವುದಕ್ಕೆ ಕೆಳಗೆ ಗೆರೆ, ಎಳೆಯುವುದಕ್ಕೆ ಮೇಲೆ ಗೆರೆ."

ಅಕ್ಟೋಬರಿನಿಂದ ಹಾಡಲು ಬಾಯಿ ತೆರೆದಿರಲಿಲ್ಲ. ಕೆಳಗಿನಿಂದ ಹುರಿದ ಈರುಳ್ಳಿಯ ವಾಸನೆ, ಪಕ್ಕದ ಕೋಣೆಯಲ್ಲಿ ಯಾರದೋ ಮಗು ಅದೇ ಸ್ಕೇಲ್ ಹತ್ತು ಸಲ. ಹಾಡಿದೆ. ಪೂರಾ ಐದು ಚರಣ. ಆಮೇಲೆ ವೀಡಿಯೊ ಹಾಕಿ ಹೋಲಿಸಿದರು.

"ಮೂರನೇ ಸಾಲಲ್ಲಿ ಇವರದು ಒಂದು ಮಾತ್ರೆ ಜಾಸ್ತಿ. ತಪ್ಪಿದ್ದಾ?"

"ತಪ್ಪಿದ್ದಲ್ಲ. ಅಲ್ಲಿ ನನಗೆ ಉಸಿರು ಸಾಲುದಿಲ್ಲ. ಕಾಯ್ತಿದ್ದ."

ಪೆನ್ಸಿಲ್ ನಿಂತಿತು. "ತೆಗೀಲಾ, ಇಡ್ಲಾ?"

"ಇಡಿ."

ಏಪ್ರಿಲ್ 26, ಶನಿವಾರ

ಬರುತ್ತದೆ! ಬಲಗೈಯಲ್ಲಿ, ನೆಟ್ಟಗೆ, ಐದೂ ಚರಣ. ಬೆರಳಿನ ತುದಿ ದೋಸೆ ಕಾವಲಿಯ ಹಾಗೆ ಗಟ್ಟಿ. ಜೋಸ್ಫಿನ್ ಬಾಯ್ ಬಂದು ಹಾಡಿ ನೋಡಿದರು. ಅವರ ದನಿ ಒಳ್ಳೆಯದು. ಒಳ್ಳೆಯದೇ. ನನ್ನ ಗಂಟಲು ತನ್ನಷ್ಟಕ್ಕೆ ಒಳಗೊಳಗೇ ಹೇಳುತ್ತಿತ್ತು, ತುಟಿ ಕಚ್ಚಿ ಹಿಡಿದೆ.

"ಬೆಟ್ಟಿ, ನೀನು ಇಷ್ಟು ಮಾಡಿದ್ದು ದೊಡ್ಡದು" ಅಂದರು ಬಾಯ್. ಕೈ ಹಿಡಿದುಕೊಂಡರು. ಕೋಪ ಮಾಡಿಕೊಳ್ಳಲು ಒಬ್ಬ ಕೆಟ್ಟ ಮನುಷ್ಯನಾದರೂ ಬೇಡವೇ ನನಗೆ.

ಮೇ 2, ಶುಕ್ರವಾರ, 4 ಗಂಟೆ

ಇವತ್ತು ರೋಸ್. ಆರಕ್ಕೆ ಪಾರ್ಟಿ ಹಾಲಿಗೆ ಹೋಗಬೇಕು. ಹಸಿರು ಸೀರೆ ತೆಗೆದೆ, ಒಳಗಿಟ್ಟೆ. ಬೂದು ಉಟ್ಟೆ.

ಮೇ 3, ಶನಿವಾರ, ಬೆಳಿಗ್ಗೆ 6

ಒಂದೂ ಗುಂಡಿ ತಪ್ಪಲಿಲ್ಲ.

ಲೆಸ್ಟರ್ ಬರಿ ಮೈಯಲ್ಲಿ ಸ್ಟೂಲಿನ ಮೇಲೆ. ಬಾಯ್ ಹಣೆಗೆ ಎಣ್ಣೆಯಲ್ಲಿ ಶಿಲುಬೆ ಬರೆದು ವೊವಿಯೊ ಎತ್ತಿದರು. ಬಾಗಿಲ ಪಕ್ಕ, ಸ್ಪೀಕರಿನ ಹಿಂದೆ ನಾನು. ಒಬ್ಬೊಬ್ಬರೇ ಹಾಲು ಸುರಿದರು. ಅವನ ಕಣ್ಣು ಉರಿಯುತ್ತಿತ್ತೋ ಏನೋ, ಮತ್ತೆ ಮತ್ತೆ ಒರೆಸಿಕೊಂಡು ನನ್ನ ಕಡೆಯೇ ನೋಡುತ್ತಿದ್ದ. ನಾನು ಕಾಗದ ನೋಡುತ್ತಿದ್ದೆ.

ಮುಗಿದ ಮೇಲೆ ಎಲ್ಲರೂ ಬಂದರು. "ನಾರ್ಬರ್ಟೇ ಬಂದು ಬಾರಿಸಿದ ಹಾಗಿತ್ತು!" ಹತ್ತು ಜನ, ಅದೇ ಮಾತು. ಬೆಟ್ಟಿಯ ದನಿ ಯಾಕಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ತಿಳಿದದ್ದು.

ಬರುವಾಗ ಲಿಫ್ಟಿನಲ್ಲಿ ನಾವಿಬ್ಬರೇ. ಅವನ ಕೂದಲಿಂದ ತೆಂಗಿನ ಹಾಲಿನ ವಾಸನೆ.

"ಮಮ್ಮಾ, ವೈ ಡಿಡಂಟ್ ಯು ಸಿಂಗ್?"

ತಮಾಷೆ ಅಂದುಕೊಂಡೆ. "ಜೋಸ್ಫಿನ್ ಆಂಟಿ ಹೇಳ್ಲಿಲ್ವಾ ನಿಂಗೆ?"

"ಟೋಲ್ಡ್ ಮಿ ವಾಟ್? ಆಂಟಿ ಹಾಡುವಾಗ, ಈಗ ನೀನು ಸೇರ್ತೀ, ಈಗ ಸೇರ್ತೀ ಅಂತ ನೋಡ್ತಾ ಇದ್ದೆ. ಐ ವಾಸ್ ವೇಟಿಂಗ್. ಡ್ಯಾಡಾ ಇಲ್ದೆ ಹಾಡ್ಲಿಕ್ಕೆ ಮನಸ್ಸಿಲ್ಲ ನಿಂಗೆ ಅಂತ… ಇಟ್ಸ್ ಓಕೆ, ಮಮ್ಮಾ."

ಗೊತ್ತೇ ಇರಲಿಲ್ಲ ಅವನಿಗೆ. ಎರಡು ತಿಂಗಳು ನಾನು ಅವನು ಒಪ್ಪಿದ್ದಾನೆ ಅಂದುಕೊಂಡೆ, ಅವನು ನನಗೆ ಮನಸ್ಸಿಲ್ಲ ಅಂದುಕೊಂಡ. ಕೇಳಿದ್ದ ಒಂದು ದಿನ. ಪ್ರಮೋಷನ್ ಅಂತ ನಗಿಸಿ ಕಳಿಸಿದ್ದೆ. ಹೇಳಿದ್ದರೆ ಅವನು ಆ ಸ್ಟೂಲಿನಿಂದ ಏಳುತ್ತಿದ್ದ. ಮಮ್ಮಾ ಹಾಡದೆ ರೋಸ್ ಇಲ್ಲ ಅನ್ನುತ್ತಿದ್ದ. ಅನ್ನುತ್ತಿದ್ದ, ಇವನು.

"ಗಂಟಲು ಕಟ್ಟಿತ್ತು ಮಗಾ" ಅಂದೆ.

ಸೂಟು ಹಾಕಿ ಹೊರಗಿನ ಕೋಣೆಯಲ್ಲಿ ನಿಂತಿದ್ದಾನೆ, ಹೊರಡುವ ಮುಂಚೆ ಆಶೀರ್ವಾದಕ್ಕೆ. ಕರೆಯುತ್ತಿದ್ದಾನೆ. ಹೋಗಬೇಕು. ಮಂಡಿಯೂರಿದಾಗ ತಲೆಯ ಮೇಲೆ ಕೈಯಿಟ್ಟು ನಿಜ ಹೇಳಿಬಿಡಲೇ, ಇಲ್ಲ, ಇವತ್ತು ಬೇಡ, ಮದುವೆ ಕಳೆದು ಒಂದು ವಾರ ಬಿಟ್ಟು…